ಎಂಟೇ ಆಂಗ್‌ಸ್ಟ್ರಾಮ್ ಯಾಕೆ? ಪ್ರೋಟೀನಿನೊಳಗೆ ಯಾರು ಯಾರನ್ನು ತಾಗುತ್ತಾರೆ ಎಂದು ಎಣಿಸುವುದು

ಭಾನುವಾರಗಳಂದು ಮುಂಬಯಿಯ ಮಾಟುಂಗದಲ್ಲಿ ನಾವು ಐದಾರು ಜನ ಸೇರಿ ಓದುತ್ತೇವೆ. ಎಲ್ಲರ ಮನೆಮಾತು ಕನ್ನಡ, ಓದುವ ವಿಷಯ ಬಯೋಇನ್ಫರ್ಮ್ಯಾಟಿಕ್ಸ್. ಪುಸ್ತಕ ಇಂಗ್ಲಿಷಿನದಾದರೂ ತಲೆಗೆ ಇಳಿಯುವುದು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದಾಗಲೇ. ಕಳೆದ ವಾರ ಡೊಂಬಿವಲಿಯಿಂದ ಬರುವ ಹುಡುಗಿ ಕೇಳಿದಳು: “ಅಕ್ಕ, ಎರಡು ಅಮೈನೋ ಆಮ್ಲಗಳು ಎಂಟು ಆಂಗ್‌ಸ್ಟ್ರಾಮ್ ಒಳಗಿದ್ದರೆ ಸಂಪರ್ಕ ಅಂತಾರಲ್ಲ, ಎಂಟೇ ಯಾಕೆ? ಏಳು ಯಾಕಾಗಬಾರದು?” ಅವಳ ಲೋಕಲ್‌ಗೆ ಹೊತ್ತಾಗಿತ್ತು, ಪೂರ್ತಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಈ ಟಿಪ್ಪಣಿ. ಆಂಗ್‌ಸ್ಟ್ರಾಮ್ ಎಂದರೆ ಒಂದು ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು, ಪರಮಾಣುಗಳ ಅಳತೆಗೋಲು.

ಮೊದಲು ಮಲ್ಲಿಗೆಯಿಂದ ಶುರು ಮಾಡೋಣ. ಮಾಟುಂಗದ ಹೂವಿನಂಗಡಿಯಲ್ಲಿ ಒಂದು ಮೊಳ ಕೊಂಡರೆ ಅದನ್ನು ಸುರುಳಿ ಸುತ್ತಿ ಎಲೆಯಲ್ಲಿ ಕಟ್ಟಿಕೊಡುತ್ತಾರೆ. ಬಿಚ್ಚಿ ಹಿಡಿದರೆ ಮೊದಲ ಹೂವಿಗೂ ಕೊನೆಯ ಹೂವಿಗೂ ಒಂದು ಮೊಳ ಅಂತರ. ಎಲೆಯೊಳಗೆ ಅವೆರಡೂ ಒತ್ತಿಕೊಂಡು ಕೂತಿರಬಹುದು. ಪ್ರೋಟೀನ್ ಕೂಡ ಹೀಗೆ ಪೋಣಿಸಿದ ದಾರ; ಒಂದೊಂದು ಹೂವೂ ಒಂದು ಅಮೈನೋ ಆಮ್ಲದ ರೆಸಿಡ್ಯೂ. ದಾರದ ಮೇಲಿನ ಕ್ರಮ ಗೊತ್ತಿದ್ದ ಮಾತ್ರಕ್ಕೆ ಸುರುಳಿಯೊಳಗಿನ ನೆರೆಹೊರೆ ಗೊತ್ತಾಗದು. ಆ ನೆರೆಹೊರೆಯ ಪಟ್ಟಿಯೇ ಸಂಪರ್ಕ ವಿಶ್ಲೇಷಣೆ.

ಉದಾಹರಣೆಗೆ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನ್ ತೆಗೆದುಕೊಳ್ಳಿ. ಪ್ರೋಟೀನ್ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಇದರ ಗುರುತು 1ಯುಬಿಕ್ಯು, ರೆಸಲ್ಯೂಷನ್ (ರಚನೆ ಎಷ್ಟು ಸ್ಪಷ್ಟವಾಗಿ ಕಂಡಿದೆ ಎಂಬ ಅಳತೆ) 1.8 ಆಂಗ್‌ಸ್ಟ್ರಾಮ್, ಒಂದೇ ಸರಪಳಿ, 76 ರೆಸಿಡ್ಯೂಗಳು. ಜೋಡಿಗಳು ಎಷ್ಟಾದವು? 76ನ್ನು 75ರಿಂದ ಗುಣಿಸಿ ಅರ್ಧ ಮಾಡಿದರೆ 2850. ಲ್ಯಾಪ್‌ಟಾಪ್ ಇದನ್ನು ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಹಾಕುತ್ತದೆ, ಕಲಿಯಲು ಇದಕ್ಕಿಂತ ಅನುಕೂಲದ ಪ್ರೋಟೀನ್ ನನಗೆ ಸಿಕ್ಕಿಲ್ಲ.

ಈಗ ಎಂಟರ ಪ್ರಶ್ನೆ. ಒಂದು ರೆಸಿಡ್ಯೂ ಎಂದರೆ ಒಂದು ಬಿಂದುವಲ್ಲ, ಹಲವು ಪರಮಾಣುಗಳ ಗೊಂಚಲು. ಎರಡು ಗೊಂಚಲುಗಳ ನಡುವಿನ ದೂರ ಅಳೆಯಲು ಯಾವ ಪರಮಾಣುವಿಗೆ ಟೇಪು ಹಿಡಿಯುತ್ತೀರಿ ಎಂಬುದನ್ನು ಮೊದಲು ಹೇಳಬೇಕು, ಆಮೇಲೆ ಅಂಕಿ. ರೆಸಿಡ್ಯೂವಿನ ಬೆನ್ನೆಲುಬಿನಲ್ಲಿರುವ ನಡುವಿನ ಕಾರ್ಬನ್ ಸಿ-ಆಲ್ಫಾ; ಅದರಿಂದ ಬದಿಗೆ ಚಾಚುವ ಪರಮಾಣುಗಳ ಕೊಂಬೆ ಸೈಡ್ ಚೈನ್, ಆ ಕೊಂಬೆಯ ಮೊದಲ ಕಾರ್ಬನ್ ಸಿ-ಬೀಟಾ. ಪ್ರೋಟೀನ್ ರಚನೆಯ ಊಹೆಗಳನ್ನು ಪರೀಕ್ಷಿಸುವ ಕ್ಯಾಸ್ಪ್ ಎಂಬ ಸ್ಪರ್ಧೆಯಲ್ಲಿ ಸಂಪರ್ಕ ಊಹೆಯ ವಿಭಾಗ ಇದ್ದ ಕಾಲದಲ್ಲಿ ಸಿ-ಬೀಟಾದಿಂದ ಸಿ-ಬೀಟಾಕ್ಕೆ ಅಳೆಯುತ್ತಿದ್ದರು. ಗ್ಲೈಸಿನ್‌ಗೆ ಸಿ-ಬೀಟಾ ಇಲ್ಲ, ಅಲ್ಲಿ ಸಿ-ಆಲ್ಫಾ. ಆ ದೂರ 8 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆಯಿದ್ದರೆ ಸಂಪರ್ಕ. ಸಿ-ಬೀಟಾದಿಂದ ಮುಂದೆ ಚಾಚಿದ ಸೈಡ್ ಚೈನ್‌ಗಳು ಪರಸ್ಪರ ಮುಟ್ಟಲು ಬೇಕಾದ ಜಾಗವನ್ನು ಈ ಎಂಟು ಅಂದಾಜಿಗೆ ಒಳಗೊಳ್ಳುತ್ತದೆ. ಪ್ರಕೃತಿ 7.9ಕ್ಕೂ 8.1ಕ್ಕೂ ನಡುವೆ ಗೆರೆ ಎಳೆದಿಲ್ಲ. ಎಲ್ಲರ ಫಲಿತಾಂಶ ಹೋಲಿಸಲು ಎಲ್ಲರೂ ಒಪ್ಪಿದ ಗೆರೆ ಅದು. ನಿಮ್ಮ ಪ್ರಶ್ನೆ ಬೇರೆಯಾದರೆ ಗೆರೆಯೂ ಬೇರೆಯಾಗಬಹುದು, ಆಗಲೇಬೇಕು.

ಉದಾಹರಣೆಗೆ ಲೈಸಿನ್. ಅದರ ಕೈ ಬಹಳ ಉದ್ದ: ಸಿ-ಆಲ್ಫಾದಿಂದ ತುದಿಯ ನೈಟ್ರೋಜನ್‌ವರೆಗೆ ಆರು ಆಂಗ್‌ಸ್ಟ್ರಾಮ್‌ಗೂ ಹೆಚ್ಚು. ಅಂಥ ಎರಡು ಉದ್ದ ಕೈಗಳು ತುದಿಯಲ್ಲಿ ಕೂಡಿದರೆ ಬುಡಗಳ ನಡುವೆ ಹತ್ತು ಆಂಗ್‌ಸ್ಟ್ರಾಮ್ ಇರಬಹುದು. ಸಿ-ಆಲ್ಫಾಕ್ಕೆ ಎಂಟರ ಗೆರೆ ಹಾಕಿದವರಿಗೆ ಈ ಜೋಡಿ ಕಾಣುವುದೇ ಇಲ್ಲ. ಬೀಟಾ ಎಳೆಗಳಲ್ಲಿ (ಸರಪಳಿ ಚಾಚಿಕೊಂಡು ಅಕ್ಕಪಕ್ಕ ಸಾಗುವ ತುಣುಕುಗಳಲ್ಲಿ) ಇದರ ತಿರುವುಮುರುವು: ಬೆನ್ನೆಲುಬು ಹತ್ತಿರ, ಒಂದರ ಸೈಡ್ ಚೈನ್ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಸಂಪರ್ಕ ಎಂದು ದಾಖಲಾಗುತ್ತದೆ, ಸೈಡ್ ಚೈನ್‌ಗಳು ಪರಸ್ಪರ ಮುಖ ನೋಡಿರುವುದಿಲ್ಲ.

ಹಾಗಾಗಿ ರಸಾಯನಶಾಸ್ತ್ರದ ಪ್ರಶ್ನೆ ಕೇಳುವಾಗ ನಾನು ಹೈಡ್ರೋಜನ್ ಬಿಟ್ಟು ಉಳಿದೆಲ್ಲ ಪರಮಾಣುಗಳನ್ನೂ ನೋಡುತ್ತೇನೆ. ಎರಡು ರೆಸಿಡ್ಯೂಗಳ ಯಾವುದೇ ಎರಡು ಪರಮಾಣು 4.5 ಆಂಗ್‌ಸ್ಟ್ರಾಮ್ ಒಳಗಿದ್ದರೆ ಸಂಪರ್ಕ. ಈ ಅಂಕಿಗೆ ಒಂದು ಕಾರಣವಿದೆ. ಕಾರ್ಬನ್ ಪರಮಾಣುವಿನ ವಾನ್ ಡರ್ ವಾಲ್ಸ್ ತ್ರಿಜ್ಯ ಸುಮಾರು 1.7, ಎರಡು ಕಾರ್ಬನ್ ಮೈಗೆ ಮೈ ತಾಗಿದರೆ 3.4. ನೀರಿನ ಅಣುವಿನ ಅಗಲ ಸುಮಾರು 2.8. ಎರಡು ಕಾರ್ಬನ್‌ಗಳ ನಡುವೆ ನೀರು ತೂರಬೇಕಾದರೆ 6.2 ಬೇಕು. 4.5ರಲ್ಲಿ ನಿಂತವರ ನಡುವೆ ನೀರಿಗೆ ಜಾಗವಿಲ್ಲ, ಅಂದರೆ ಅವರು ನಿಜಕ್ಕೂ ನೆರೆಯವರು.

ಎಷ್ಟು ಹತ್ತಿರ ಬಂದರೆ ‘ಅತಿ ಹತ್ತಿರ’ ಎಂಬ ಪ್ರಶ್ನೆಯೂ ಇದರ ಒಡಹುಟ್ಟು. 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಕೇಳಿದ್ದು ಅದನ್ನೇ. ಎರಡು ಕಾರ್ಬನ್‌ಗಳಿಗೆ ಸಾಮಾನ್ಯವಾಗಿ 3.2, ತೀರಾ ಬಿಗಿಯಾದರೆ 3.0 ಎಂದು ಮಿತಿ ಹಾಕಿ, ಅದಕ್ಕಿಂತ ಹತ್ತಿರ ತರುವ, ಬೆನ್ನೆಲುಬಿನ ಬಂಧಗಳ ತಿರುಚುಕೋನಗಳನ್ನೆಲ್ಲ ಕೈಬಿಟ್ಟರು. ಉಳಿದದ್ದೇ ಇವತ್ತು ಎಲ್ಲ ಪಠ್ಯಗಳಲ್ಲಿರುವ ರಾಮಚಂದ್ರನ್ ನಕ್ಷೆ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ದೂರ ಅಳೆಯುವ ಇಷ್ಟು ಸರಳ ಕೆಲಸದಿಂದ ಅಷ್ಟು ದೊಡ್ಡದು ಹುಟ್ಟಿತಲ್ಲ ಎಂದು ನನಗೆ ಪ್ರತಿಸಲ ರೋಮಾಂಚನ.

ದೂರದ ಜೊತೆ ಜಾತಕವನ್ನೂ, ಅಂದರೆ ಸಂಪರ್ಕ ಯಾವ ಬಗೆಯದು ಎಂಬುದನ್ನೂ, ಬರೆದಿಡಿ. ಹೈಡ್ರೋಜನ್ ಬಂಧಕ್ಕೆ ಕೊಡುವ ಮತ್ತು ಪಡೆಯುವ ಪರಮಾಣುಗಳ ನಡುವೆ ಸಾಮಾನ್ಯವಾಗಿ 3.5ರ ಒಳಗೆ, ಕೋನವನ್ನೂ ನೋಡಬೇಕು. ವಿರುದ್ಧ ಆವೇಶಗಳು ಸೆಳೆದುಕೊಳ್ಳುವ ಸಾಲ್ಟ್ ಬ್ರಿಡ್ಜ್‌ಗೆ ಲೈಸಿನ್ ಅಥವಾ ಆರ್ಜಿನಿನ್‌ನ ನೈಟ್ರೋಜನ್‌ನಿಂದ ಆಸ್ಪಾರ್ಟೇಟ್ ಅಥವಾ ಗ್ಲುಟಮೇಟ್‌ನ ಆಮ್ಲಜನಕಕ್ಕೆ 4ರ ಒಳಗೆ. ಯುಬಿಕ್ವಿಟಿನ್‌ನಲ್ಲಿ ಲೈಸಿನ್ 27, ಆಸ್ಪಾರ್ಟೇಟ್ 52 ಅಂಥ ಜೋಡಿ. ಡೈಸಲ್ಫೈಡ್ ಆದರೆ ಗಂಧಕದಿಂದ ಗಂಧಕಕ್ಕೆ 2.05ರ ಹತ್ತಿರ, ಅದು ನಿಜವಾದ ಕೋವೆಲೆಂಟ್ ಬಂಧ.

ಈಗ ನಾನು ಮಾಡಿದ ತಪ್ಪು, ನೀವು ಮಾಡಬೇಡಿ. ಮೊದಲ ಪ್ರಾಜೆಕ್ಟಿನಲ್ಲಿ ಒಂದು ರೆಸಿಡ್ಯೂಗೆ ಸರಾಸರಿ ಎಷ್ಟು ಸಂಪರ್ಕ ಎಂದು ಸಿ-ಆಲ್ಫಾ ಹಿಡಿದು ಎಣಿಸಿ, ಹೆಲಿಕ್ಸ್ (ಸುರುಳಿಯಾಗಿ ಸುತ್ತಿದ ತುಣುಕು) ತುಂಬಿದ ಪ್ರೋಟೀನ್ ಬೀಟಾ ಪ್ರೋಟೀನಿಗಿಂತ ದಟ್ಟವಾಗಿದೆ ಎಂದು ಬರೆದುಬಿಟ್ಟೆ. ಹೆಲಿಕ್ಸ್‌ನಲ್ಲಿ ಪಕ್ಕದ ಸಿ-ಆಲ್ಫಾ 3.8 ದೂರ, ಅದರಾಚೆಯದು 5.4, ಮೂರನೆಯದು 5.0, ನಾಲ್ಕನೆಯದು 6.2. ನಾಲ್ಕೂ ಎಂಟರ ಒಳಗೇ. ಎರಡೂ ಬದಿ ಸೇರಿ ಎಂಟು ಸಂಪರ್ಕ ಪುಕ್ಕಟೆ! ಚಾಚಿಕೊಂಡ ಬೀಟಾ ಎಳೆಯಲ್ಲಿ ಮೂರನೆಯದೇ ಹತ್ತರ ಹತ್ತಿರ ಹೋಗುತ್ತದೆ, ಅಲ್ಲಿ ಪುಕ್ಕಟೆ ಸಿಗುವುದು ನಾಲ್ಕೇ. ನಾನು ಎಣಿಸಿದ್ದು ದಟ್ಟಣೆಯನ್ನಲ್ಲ, ದಾರದ ನೆಂಟಸ್ತಿಕೆಯನ್ನು. ಅದಕ್ಕೇ ಕ್ಯಾಸ್ಪ್‌ನವರು ಕ್ರಮಾಂಕದಲ್ಲಿ ಕನಿಷ್ಠ 6 ಅಂತರವಿರುವ ಜೋಡಿಗಳನ್ನಷ್ಟೇ ತೆಗೆದುಕೊಂಡು, 6ರಿಂದ 11 ಹತ್ತಿರದ್ದು, 12ರಿಂದ 23 ಮಧ್ಯಮ, 24 ಮತ್ತು ಮೇಲೆ ದೂರದ್ದು ಎಂದು ವಿಂಗಡಿಸುತ್ತಿದ್ದರು. ಮಡಿಕೆಯ ಗುಟ್ಟು ಹೇಳುವುದು ಹೆಚ್ಚಾಗಿ ದೂರದ ಸಂಪರ್ಕಗಳೇ.

ಪಟ್ಟಿಯನ್ನು ಚಿತ್ರ ಮಾಡಿದರೆ ಕಾಂಟ್ಯಾಕ್ಟ್ ಮ್ಯಾಪ್. ಅಡ್ಡಕ್ಕೂ ಉದ್ದಕ್ಕೂ 1ರಿಂದ 76, ಸಂಪರ್ಕವಿರುವ ಮನೆಗೆ ಚುಕ್ಕೆ, ರಂಗೋಲಿಯ ಹಾಗೆ. 1ಯುಬಿಕ್ಯುದ ಚಿತ್ರ ಮುಂದಿಟ್ಟುಕೊಂಡು ಓದಿ. ಕರ್ಣದ ಉದ್ದಕ್ಕೂ 23ರಿಂದ 34ರವರೆಗೆ ದಪ್ಪ ಪಟ್ಟಿ ಕಾಣುತ್ತದಲ್ಲ, ಅದು ಹೆಲಿಕ್ಸ್. ಮೂಲೆಯ ಹತ್ತಿರ ಕರ್ಣಕ್ಕೆ ಅಡ್ಡಡ್ಡ ಹೊರಟ ಗೆರೆಯ ಜೋಡಿಗಳನ್ನು ಕೂಡಿಸಿ ನೋಡಿ: 1 ಮತ್ತು 17, 3 ಮತ್ತು 15, 5 ಮತ್ತು 13. ಎಲ್ಲದರ ಮೊತ್ತ 18. ಒಂದು ಎಳೆ ಮುಂದೆ ಹೋದಷ್ಟೂ ಇನ್ನೊಂದು ಹಿಂದೆ ಬರುತ್ತಿದೆ ಎಂದರ್ಥ, ಅಂದರೆ ಎದುರುಬದುರು ಸಾಗುವ ಬೀಟಾ ಎಳೆಗಳು. ಕರ್ಣದಿಂದ ದೂರ, ಮೂಲೆಯಲ್ಲಿ ಇನ್ನೊಂದು ಗೆರೆ ಕರ್ಣಕ್ಕೆ ಸಮಾನಾಂತರವಾಗಿದೆ. ಅಲ್ಲಿ ಮೊತ್ತ ಬದಲಾಗುತ್ತದೆ, ವ್ಯತ್ಯಾಸ ಮಾತ್ರ 62ರ ಆಸುಪಾಸು ನಿಂತಿರುತ್ತದೆ. ಪ್ರೋಟೀನಿನ ತಲೆಯ ಎಳೆಯೂ ಬಾಲದ ಎಳೆಯೂ ಒಂದೇ ದಿಕ್ಕಿಗೆ ಸಾಗುವ ಜೋಡಿ ಅದು. ಮೊತ್ತ ಸ್ಥಿರವೋ ವ್ಯತ್ಯಾಸ ಸ್ಥಿರವೋ, ಇದೊಂದು ಹಿಡಿದರೆ ಮೂರು ಆಯಾಮದ ಚಿತ್ರ ತೆರೆಯದೆಯೇ ಮಡಿಕೆ ಓದಬಹುದು. 42 ಮತ್ತು 70, 44 ಮತ್ತು 68 ಯಾವ ಬಗೆ ಎಂದು ನೀವೇ ಹೇಳಿ.

ಕಡತದ ಎಡವಟ್ಟುಗಳು ಬೇಗ ಹೇಳಿಬಿಡುತ್ತೇನೆ. ಒಂದೇ ಸೈಡ್ ಚೈನ್‌ಗೆ ಎರಡು ನಿಲುವು ಕೊಟ್ಟಿದ್ದರೆ ಎರಡನ್ನೂ ಎಣಿಸಬೇಡಿ. ಎನ್‌ಎಂಆರ್ ವಿಧಾನದಿಂದ ಪಡೆದ ರಚನೆಯಲ್ಲಿ ಹಲವು ಮಾದರಿಗಳಿರುತ್ತವೆ, ಒಂದರ ಪರಮಾಣುವಿನಿಂದ ಇನ್ನೊಂದರದಕ್ಕೆ ಅಳೆಯುವುದು ಅರ್ಥಹೀನ. ಆಸ್ಪರಜಿನ್, ಗ್ಲುಟಮಿನ್ ತುದಿಯಲ್ಲಿ ನೈಟ್ರೋಜನ್ ಯಾವುದು, ಆಮ್ಲಜನಕ ಯಾವುದು ಎಂದು ಎಕ್ಸ್-ರೇ ಸಾಂದ್ರತೆಯಲ್ಲಿ ಬೇರ್ಪಡಿಸುವುದು ಕಷ್ಟ, ಅಲ್ಲಿನ ಹೈಡ್ರೋಜನ್ ಬಂಧ ಕಣ್ಣುಮುಚ್ಚಿ ನಂಬಬೇಡಿ.

ಒಂದು ಸರಪಳಿಯೊಳಗಿನ ಸಂಪರ್ಕವಷ್ಟೇ ಸಾಲದು ಎಂದು ತೋರಿಸುವ ಕಥೆ ಹಿಮೋಗ್ಲೋಬಿನ್‌ನದು. ಸಿಕಲ್ ಸೆಲ್ ಕಾಯಿಲೆಯಲ್ಲಿ ಬೀಟಾ ಸರಪಳಿಯ 6ನೇ ಜಾಗದ ಗ್ಲುಟಮೇಟ್ ಹೋಗಿ ವ್ಯಾಲಿನ್ ಬಂದಿರುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಪರೇಲಿನಲ್ಲೇ ಕೆಇಎಂ ಆಸ್ಪತ್ರೆಯ ಆವರಣದಲ್ಲಿ ಇದರ ಮೇಲೆ ಕೆಲಸ ಮಾಡುವ ರಾಷ್ಟ್ರೀಯ ಇಮ್ಯುನೋಹಿಮಟಾಲಜಿ ಸಂಸ್ಥೆಯಿದೆ. ಒಂದು ಬೀಟಾ ಸರಪಳಿಯನ್ನಷ್ಟೇ ತೆರೆದು ಈ ವ್ಯಾಲಿನ್‌ನ ಸಂಪರ್ಕ ಹುಡುಕಿದರೆ ಕಾಯಿಲೆಯ ಕಾರಣ ಸಿಗದು, ಅದು ಅಣುವಿನ ಮೈಮೇಲೆ ಹೊರಗೆ ಮುಖ ಮಾಡಿ ಕೂತಿದೆ. ಹಿಮೋಗ್ಲೋಬಿನ್ ಆಮ್ಲಜನಕ ಕಳೆದುಕೊಂಡಾಗ ಈ ವ್ಯಾಲಿನ್ ಪಕ್ಕದ ಹಿಮೋಗ್ಲೋಬಿನ್ ಅಣುವಿನ ಬೀಟಾ ಸರಪಳಿಯ ಫಿನೈಲ್ ಅಲನಿನ್ 85, ಲ್ಯೂಸಿನ್ 88 ಇರುವ ಎಣ್ಣೆ ಸ್ವಭಾವದ ಗುಳಿಗೆ ಹೊಂದಿಕೊಳ್ಳುತ್ತದೆ. ಅಣುವಿಗೆ ಅಣು ಸೇರಿ ಉದ್ದ ನಾರು ಬೆಳೆಯುತ್ತದೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಒಂದು ಜೀವದ ನೋವು ಇಷ್ಟು ಚಿಕ್ಕ ತಾಗುವಿಕೆಯಲ್ಲಿ ಶುರುವಾಗುತ್ತದೆ.

ಮುಂದಿನ ಭಾನುವಾರಕ್ಕೆ ಇದೇ ಮನೆಕೆಲಸ. 2ಎಚ್‌ಬಿಎಸ್ ಇಳಿಸಿಕೊಳ್ಳಿ, ಸಿಕಲ್ ಸೆಲ್ ಹಿಮೋಗ್ಲೋಬಿನ್ ರಚನೆಯ ಕಡತ ಅದು. ಅದರಲ್ಲಿ ಎಂಟು ಸರಪಳಿಗಳಿವೆ, ಎರಡು ಪೂರ್ಣ ಹಿಮೋಗ್ಲೋಬಿನ್. ಎಲ್ಲ ಬೀಟಾ ಸರಪಳಿಗಳ ವ್ಯಾಲಿನ್ 6ರಿಂದ 4.5ರ ಒಳಗಿನ ನೆರೆಯವರನ್ನು ಸರಪಳಿಯ ಹೆಸರಿನ ಸಮೇತ ಬರೆದು ತನ್ನಿ. ವೈದ್ಯಕೀಯ ವರದಿಗಳಲ್ಲಿ ಇದನ್ನೇ 7 ಎಂದು ಬರೆದಿದ್ದರೆ ಗಾಬರಿಯಾಗಬೇಡಿ, ಅವರು ಆರಂಭದ ಮೀಥಿಯೋನಿನ್ ಸೇರಿಸಿ ಎಣಿಸುತ್ತಾರೆ.