ದೊಡ್ಡ ಮಂಗಟ್ಟೆ ಮತ್ತು ಮುತ್ತುಗ: ಹೋಲಿಕೆ ಎಲ್ಲಿಂದ ಶುರು ಮಾಡೋದು?

ಹಕ್ಕಿಗೂ ಮರಕ್ಕೂ ಇರುವ ವ್ಯತ್ಯಾಸ ಬರೆಯಿರಿ ಅಂದರೆ ಸಾಕು, 'ಹಕ್ಕಿ ಚಲಿಸುತ್ತದೆ, ಮರ ಚಲಿಸುವುದಿಲ್ಲ' ಎಂದು ಬರೆದುಬಿಡುತ್ತೇವೆ. ಸುಳ್ಳಲ್ಲ. ಆದರೆ ಈ ಜೋಡಿಯ ವಿಷಯದಲ್ಲಿ ಆ ಸಾಲು ಅರ್ಧ ಸತ್ಯ.

ದೊಡ್ಡ ಮಂಗಟ್ಟೆ ನೋಡಬೇಕೆಂದರೆ ಬಳ್ಳಾರಿಯವರು ದಾಂಡೇಲಿ ಕಡೆ ಹೋಗಬೇಕು. ಪೊಟರೆಗಳಿರುವ ಹೆಮ್ಮರ, ಅತ್ತಿ-ಆಲದ ಜಾತಿಯ ಹಣ್ಣು ಇದ್ದಲ್ಲಿ ಅದರ ಬದುಕು. ನಮ್ಮ ಸಂಡೂರಿನದು ಬಹುಪಾಲು ಎಲೆ ಉದುರಿಸುವ ಒಣ ಕಾಡು. ಮುತ್ತುಗಕ್ಕೆ ಅಂಥ ಕಾಡೇ ಸಾಕು. ಪತ್ರಾವಳಿ ಹಚ್ಚುವುದು ಇದರ ಎಲೆಯಿಂದಲೇ.

ಜೀವಕೋಶದ ಭಾಗ ಬೇಗ ಮುಗಿಸಿ. ಸೆಲ್ಯುಲೋಸ್ ಕೋಶಭಿತ್ತಿ, ಬೆಳಕಿನಿಂದ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್ ಮುತ್ತುಗದಲ್ಲಿ ಮಾತ್ರ. ಅದು ಪಿಷ್ಟ ಕೂಡಿಡುತ್ತದೆ, ಹಕ್ಕಿ ಗ್ಲೈಕೋಜನ್. ಆಹಾರದಿಂದ ಶಕ್ತಿ ಬಿಡಿಸುವ ಮೈಟೊಕಾಂಡ್ರಿಯ ಎರಡರಲ್ಲೂ ಇದೆ, ಉಸಿರಾಟವೂ ಎರಡಕ್ಕೂ ಇದೆ. 'ಗಿಡಕ್ಕೆ ದ್ಯುತಿಸಂಶ್ಲೇಷಣೆ, ಹಕ್ಕಿಗೆ ಉಸಿರಾಟ' ಎಂದು ಬರೆದರೆ ಅಂಕ ಹೋದಂತೆಯೇ.

ನಿಜವಾದ ಸ್ವಾರಸ್ಯ ಸಂತಾನೋತ್ಪತ್ತಿಯಲ್ಲಿದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಪೊಟರೆ ಸೇರಿ, ಹಿಕ್ಕೆ, ಹಣ್ಣಿನ ಚೂರು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಒಳಗೆ ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಕಾವು 38ರಿಂದ 40 ದಿನ, ಮರಿ ಅರೆಬೆಳೆಯುವವರೆಗೂ ವಾಸ ಅಲ್ಲೇ. ಗಂಡು ಹಣ್ಣು ತಂದು ಸೀಳಿನಲ್ಲಿ ಉಣಿಸದಿದ್ದರೆ ಕಥೆ ಮುಗಿಯಿತು. ಹಾರುವ ಜೀವಿ ಅಷ್ಟು ದಿನ ಬೇರು ಬಿಟ್ಟಂತೆ!

ಮುತ್ತುಗದ್ದು ಇದಕ್ಕೆ ತಿರುಗುಮುರುಗು. ಬೇಸಿಗೆ ಮೊದಲಾಗುವಾಗ ಎಲೆ ಉದುರಿಸಿ ಕೇಸರಿ ಹೂ ತುಂಬಿಕೊಳ್ಳುತ್ತದೆ. ಮಕರಂದಕ್ಕೆ ಬಂದ ಹಕ್ಕಿಗಳು ಪರಾಗ ಹೊತ್ತೊಯ್ಯುತ್ತವೆ. ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ. ಉಳಿದ ತೆಳು ಭಾಗ ರೆಕ್ಕೆಯ ಕೆಲಸ ಮಾಡಿ ಗಾಳಿಯಲ್ಲಿ ಒಯ್ಯುತ್ತದೆ. ಮರ ನಿಂತಲ್ಲೇ ಇದೆ, ಅದರ ಪರಾಗವೂ ಬೀಜವೂ ಊರು ಸುತ್ತುತ್ತವೆ. ಆದ್ದರಿಂದ 'ಚಲನೆ ಇದೆಯೇ' ಎನ್ನುವುದಕ್ಕಿಂತ 'ಯಾವ ಹಂತದಲ್ಲಿ, ಯಾರ ನೆರವಿನಿಂದ' ಎಂದು ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಇನ್ನೊಂದು ಅಂಶ ಬಹಳ ಜನ ಬಿಡುತ್ತಾರೆ: ಭ್ರೂಣದ ಬುತ್ತಿ. ಹಕ್ಕಿಯಲ್ಲಿ ಹಳದಿ ಭಾಗವನ್ನು ತಾಯಿ ಫಲೀಕರಣಕ್ಕೆ ಮೊದಲೇ ತುಂಬಿಸಿರುತ್ತದೆ; ಫಲೀಕರಣ ಆಗದ ಮೊಟ್ಟೆಯಲ್ಲೂ ಅದು ಇರುತ್ತದೆ. ಹೂಬಿಡುವ ಸಸ್ಯದಲ್ಲಿ ಹಾಗಿಲ್ಲ. ಇಮ್ಮಡಿ ಫಲೀಕರಣ, ಅಂದರೆ ಒಂದು ಗಂಡು ಕೋಶ ಅಂಡದೊಂದಿಗೆ, ಇನ್ನೊಂದು ನಡುವಿನ ಕೋಶದೊಂದಿಗೆ ಕೂಡುವುದು, ನಡೆದ ಮೇಲಷ್ಟೇ ಭ್ರೂಣಾಹಾರ (ಎಂಡೋಸ್ಪರ್ಮ್) ರೂಪುಗೊಳ್ಳುತ್ತದೆ. ಮುತ್ತುಗ ದ್ವಿದಳ, ಅವರೆಯ ಕುಟುಂಬದ್ದು. ಬೀಜ ಬಲಿಯುವ ಹೊತ್ತಿಗೆ ಆಹಾರ ಬೀಜದಳಗಳಲ್ಲಿ ಸೇರಿರುತ್ತದೆ.