ಪ್ರಿಂಟ್ ಹಾಕಿ ನೋಡುತ್ತಿದ್ದ ಕಾಲದಿಂದ ಹಸಿರು ಪಟ್ಟಿಯವರೆಗೆ

ಯೂನಿಟ್ ಟೆಸ್ಟಿಂಗ್ (ಕೋಡ್‌ನ ಚಿಕ್ಕ ಚಿಕ್ಕ ಭಾಗಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವುದು) ಶುರುವಾಗಿದ್ದೇ ಜಾವಾ ಭಾಷೆಯ ಟೆಸ್ಟ್ ಟೂಲ್ ಜೆಯೂನಿಟ್‌ನಿಂದ ಎಂದುಕೊಂಡವರು ಜಾಸ್ತಿ. ಹಾಗೇನಿಲ್ಲ. 1960ರ ದಶಕದ ಆರಂಭದಲ್ಲೇ ನಾಸಾದ ಮರ್ಕ್ಯುರಿ ಯೋಜನೆಯ ಪ್ರೋಗ್ರಾಮರ್‌ಗಳು ಕೋಡ್‌ಗಿಂತ ಮೊದಲು ಟೆಸ್ಟ್ ಬರೆಯುತ್ತಿದ್ದರು. 1987ರಲ್ಲಿ ಪರ್ಲ್ ಭಾಷೆಯ ಮೊದಲ ಆವೃತ್ತಿ ಕೂಡ ತನ್ನ ಟೆಸ್ಟ್‌ಗಳ ಜೊತೆಗೇ ಬಂತು.

ಆದರೆ ನಮ್ಮಲ್ಲಿ ಬಹಳ ಜನ ಕಲಿತದ್ದು ಬೇರೆ ರೀತಿ. ಕೋಡ್ ಮಧ್ಯೆ ಉತ್ತರ ತೋರಿಸುವ ನಾಲ್ಕು ಪ್ರಿಂಟ್ ಸಾಲು ಹಾಕು, ರನ್ ಮಾಡು, ಸ್ಕ್ರೀನ್ ನೋಡು, ಸರಿ ಕಂಡರೆ ಪ್ರಿಂಟ್ ಅಳಿಸು. ಅಳಿಸಿದ ಮೇಲೆ ಆ ಪರೀಕ್ಷೆಯೂ ಹೋಯಿತು. ಮುಂದಿನ ತಿಂಗಳು ಇನ್ನೊಬ್ಬರು ಅದೇ ಫಂಕ್ಷನ್ ಕೆಡಿಸಿದರೆ ಹೇಳುವವರೇ ಇಲ್ಲ.

ಪ್ರೋಗ್ರಾಮರ್ ಕೆಂಟ್ ಬೆಕ್ ಕೈಹಾಕಿದ್ದು ಇಲ್ಲಿಗೆ. ಸ್ಮಾಲ್‌ಟಾಕ್ ಭಾಷೆಗಾಗಿ ಅವರು ಮಾಡಿದ ಎಸ್‌ಯೂನಿಟ್ ಎಂಬ ಟೆಸ್ಟ್ ಟೂಲ್ ಬಗ್ಗೆ 1994ರಲ್ಲಿ ಲೇಖನ ಬಂತು. ಸರಿಯುತ್ತರವನ್ನು ಟೆಸ್ಟ್‌ನಲ್ಲೇ ಬರೆದಿಡಿ, ತಾಳೆ ನೋಡುವ ಕೆಲಸ ಕಂಪ್ಯೂಟರ್‌ಗೆ ಬಿಡಿ. ಇಷ್ಟೇ ವಿಷಯ. 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾದ ಊಪ್ಸ್ಲಾ ಎಂಬ ಪ್ರೋಗ್ರಾಮಿಂಗ್ ಸಮ್ಮೇಳನಕ್ಕೆ ಹೊರಟ ವಿಮಾನದಲ್ಲಿ ಬೆಕ್ ಮತ್ತು ಎರಿಕ್ ಗಾಮಾ ಕೂತು ಅದನ್ನೇ ಜಾವಾಕ್ಕೆ ತಂದರು. ಅದೇ ಜೆಯೂನಿಟ್. ಎಲ್ಲ ಪಾಸಾದರೆ ಹಸಿರು ಪಟ್ಟಿ, ಒಂದು ಬಿದ್ದರೂ ಕೆಂಪು. ಹೊಸಬರಿಗೆ ಹೇಳಿಕೊಡೋಕೆ ಇದಕ್ಕಿಂತ ಸುಲಭ ಬೇಕಾ? ಅದು ಹಬ್ಬಿದ್ದೂ ಅದಕ್ಕೇ ಎಂದು ನನ್ನ ಲೆಕ್ಕ.

2001ರಲ್ಲಿ ಪೈಥಾನ್ ಭಾಷೆಯ 2.1 ಆವೃತ್ತಿಯೊಳಗೂ ಇದೇ ಮಾದರಿಯ ಟೂಲ್ ಸೇರಿತು. ಪೈಥಾನ್‌ನಲ್ಲಿ ಫಂಕ್ಷನ್ ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ (_) ಹಾಕುವುದು ರೂಢಿ. ಆದರೆ ಅದರ ಯೂನಿಟ್‌ಟೆಸ್ಟ್ ಮಾಡ್ಯೂಲ್‌ನಲ್ಲಿ 'ಸೆಟ್‌ಅಪ್' (setUp), 'ಅಸರ್ಟ್‌ಈಕ್ವಲ್' (assertEqual) ಇವತ್ತಿಗೂ ಪದಗಳನ್ನು ಅಂಟಿಸಿ ಬರೆಯುವ ಜಾವಾ ಶೈಲಿಯಲ್ಲೇ ಇವೆ. ತವರುಮನೆ ಗುರುತು!

ಈಗಿನ ರೋಗ ಬೇರೆ. ಮ್ಯಾನೇಜರ್ 80% ಕವರೇಜ್ ಕೇಳುತ್ತಾರೆ, ಅಂದರೆ ಕೋಡ್‌ನ 80% ಸಾಲುಗಳು ಟೆಸ್ಟ್ ವೇಳೆ ಓಡಿರಬೇಕು. ಕೋಡ್ ರಿವ್ಯೂನಲ್ಲಿ ನೋಡಿದರೆ ಟೆಸ್ಟ್ ಸುಮ್ನೆ ಮೆಥಡ್ ಕರೆದಿರುತ್ತದೆ, ಉತ್ತರ ತಾಳೆ ನೋಡುವ ಅಸರ್ಟ್ ಸಾಲು ಒಂದೂ ಇರುವುದಿಲ್ಲ. ಓಡುವಾಗ ಎಕ್ಸೆಪ್ಶನ್ (ದೋಷದ ಸೂಚನೆ) ಬರದಿದ್ದರೆ ಜೆಯೂನಿಟ್ ಅದನ್ನು ಪಾಸ್ ಎನ್ನುತ್ತದೆ, ಕವರೇಜ್ ಟೂಲ್ ಆ ಸಾಲುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಪ್ರಿಂಟ್ ಕಾಲದಲ್ಲಿ ಉತ್ತರವನ್ನು ಕಣ್ಣಾದರೂ ನೋಡುತ್ತಿತ್ತು, ಅಲ್ವಾ?

ಇಂಥ ಪೊಳ್ಳು ಟೆಸ್ಟ್‌ಗಳನ್ನು ಹಿಡಿಯಲು ಹೀಗೆ ಮಾಡಿ. 1000 ರೂಪಾಯಿಗಿಂತ ಜಾಸ್ತಿ ಬಿಲ್‌ಗೆ 10% ರಿಯಾಯಿತಿ ಎಂದಿಟ್ಟುಕೊಳ್ಳಿ. ಕೋಡ್‌ನಲ್ಲಿ 'ಜಾಸ್ತಿ' ಇರುವಲ್ಲಿ 'ಜಾಸ್ತಿ ಅಥವಾ ಸಮ' ಎಂದು ಬದಲಿಸಿ ಟೆಸ್ಟ್ ಓಡಿಸಿ. ಆಗಲೂ ಹಸಿರೇ ಬಂದರೆ, ಸರಿಯಾಗಿ 1000 ರೂಪಾಯಿಯ ಬಿಲ್ ಅನ್ನು ಯಾರೂ ಪರೀಕ್ಷಿಸಿಲ್ಲ ಎಂದರ್ಥ. ಇದಕ್ಕೆ ಮ್ಯುಟೇಶನ್ ಟೆಸ್ಟಿಂಗ್ ಎನ್ನುತ್ತಾರೆ. 1971ರಲ್ಲೇ ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಲಿಪ್ಟನ್ ಸೂಚಿಸಿದ್ದು. ಜಾವಾದಲ್ಲಿ ಪಿಟ್ ಎಂಬ ಟೂಲ್ ಇಂಥ ಬದಲಾವಣೆಗಳನ್ನು ತಾನೇ ಮಾಡಿ ನೋಡುತ್ತದೆ. ಸಮಯ ತಿನ್ನುತ್ತದೆ, ನಿಜ. ಹಣದ ಲೆಕ್ಕ ಮಾಡುವ ಮಾಡ್ಯೂಲ್ ಒಂದಕ್ಕಾದರೂ ರಾತ್ರಿ ತಾನಾಗಿ ಓಡುವ ಬಿಲ್ಡ್‌ನಲ್ಲಿ ಇದನ್ನು ಹಾಕಿಡಿ.