ಬೋರ್ಡಿನ ಹೆಸರು, ಬಾಯಿಮಾತಿನ ಹೆಸರು

ಮಂಡ್ಯದಿಂದ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು 16215 ನಂಬರಿನ ರೈಲು ಎಲ್ಲಿದೆ ಎಂದು ಕೇಳುವುದಿಲ್ಲ. ‘ಚಾಮುಂಡಿ ಎಲ್ಲಿ ಬಂತು?’ ಎನ್ನುತ್ತಾರೆ; ಅದು ಮೈಸೂರು–ಬೆಂಗಳೂರು ನಡುವಿನ ಚಾಮುಂಡಿ ಎಕ್ಸ್‌ಪ್ರೆಸ್. ಹೋಗುವಾಗ ಒಂದು ನಂಬರು, ಬರುವಾಗ ಇನ್ನೊಂದು. ಹೆಸರು ಮಾತ್ರ ಎರಡೂ ಹೊತ್ತಿಗೆ ಒಂದೇ.

ಆದರೆ ಹೆಸರಿನ ಭಾಗ್ಯ ಎಕ್ಸ್‌ಪ್ರೆಸ್‌ಗಳಿಗಷ್ಟೇ. ಊರೂರಿಗೂ ನಿಲ್ಲುವ ಪ್ಯಾಸೆಂಜರ್‌ಗಳಿಗೆ ಹೆಸರಿಟ್ಟವರು ಹತ್ತುವವರು, ಓಡಿಸುವವರು. 1876–78ರ ಬರಗಾಲದ ಬೆನ್ನಲ್ಲೇ ಕಾಮಗಾರಿ ನಡೆದು 1882ರಲ್ಲಿ ಮೈಸೂರು ಮುಟ್ಟಿದ ರೈಲು ಜನರಿಗೆ ಉಗಿಬಂಡಿ, ಹೊಗೆಬಂಡಿಯಾಯಿತು. ಮುಂದೆ ಎಂಜಿನ್ ಶೆಡ್ಡಿನವರಿಗೆ ಎಂಜಿನ್ನೇ ಗುರುತು: ‘ವೈಪಿ’ ಅಂದರೆ ಮೀಟರ್ ಗೇಜಿನ, ಅಂದರೆ ಕಿರಿದಾದ ಹಳಿಯ, ಪ್ಯಾಸೆಂಜರ್ ಎಂಜಿನ್, ‘ವೈಜಿ’ ಅಂದರೆ ಗೂಡ್ಸಿನದು. ಇಂದಿನ ರೈಲುಪ್ರಿಯರೂ ಅವನ್ನು ಹಾಗೇ ಕರೆಯುತ್ತಾರೆ.

ತೊಂಬತ್ತರ ದಶಕದಲ್ಲಿ ಈ ದಾರಿ ಅಗಲ ಹಳಿಯ ಬ್ರಾಡ್ ಗೇಜ್ ಆಯಿತು. ಆಮೇಲೆ ಬಂದ ‘ಪುಷ್‌ಪುಲ್’ ನನಗೆ ತುಂಬ ಇಷ್ಟದ ಹೆಸರು. ಹೋಗುವಾಗ ಎಳೆದ ಎಂಜಿನ್ನೇ ಬರುವಾಗ ಹಿಂದಿನಿಂದ ತಳ್ಳುವ ಏರ್ಪಾಡು ಅದು. ಕೊನೆಯ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ ತಿರುಗಿಸುವ ಹೊತ್ತು ಉಳಿಯುತ್ತದೆ. ರೈಲ್ವೆಯವರ ಒಳಮಾತು ಹೂವಿನ ಬುಟ್ಟಿ ಹೊತ್ತವರ ಬಾಯಿಗೂ ಬಂತು. ವಿದ್ಯುತ್ ತಂತಿ ಎಳೆದ ಮೇಲೆ ಆ ಜಾಗಕ್ಕೆ ‘ಮೆಮು’, ಅಂದರೆ ಬೇರೆ ಎಂಜಿನ್ ಬೇಡದ ವಿದ್ಯುತ್ ರೈಲು, ಬಂದು ಕೂತಿತು.

ಕೊರೊನಾ ನಂತರ ಪ್ಯಾಸೆಂಜರ್‌ಗಳನ್ನು ‘ವಿಶೇಷ’ ಎಂದು ಓಡಿಸಿ ಎಕ್ಸ್‌ಪ್ರೆಸ್ ದರ ವಸೂಲು ಮಾಡಿದಾಗ ಹೆಸರಿನ ಬೆಲೆ ಬಡವರ ಜೇಬಿಗೇ ತಟ್ಟಿತು. ಅದು ಅನ್ಯಾಯವೇ. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೂ ಜನ ಅದನ್ನು ಪ್ಯಾಸೆಂಜರ್ ಎಂದೇ ಕರೆದರು.

ಇದೇ ದಾರಿಯಲ್ಲಿ 1980ರಲ್ಲಿ ಶುರುವಾದ ಟಿಪ್ಪು ಎಕ್ಸ್‌ಪ್ರೆಸ್ 2022ರ ಅಕ್ಟೋಬರಿನಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಮೈಸೂರು–ತಾಳಗುಪ್ಪ ಗಾಡಿಗೆ ಕುವೆಂಪು ಹೆಸರು ಬಂತು. ಪರ, ವಿರೋಧ ಎರಡೂ ಜೋರಾಗಿದ್ದವು. ಬೋರ್ಡು ಒಂದು ದಿನದಲ್ಲಿ ಬದಲಾಗುತ್ತದೆ. ನಾಲ್ಕು ದಶಕ ಆಡಿದ ಹೆಸರು ಹಳೆಯ ಪ್ರಯಾಣಿಕರ ನಾಲಿಗೆಯಿಂದ ಇಳಿಯಲು ಹೊತ್ತು ಹಿಡಿಯುತ್ತದೆ.

ಬೋರ್ಡಿನ ಹೆಸರುಗಳಿಗೆ ಆದೇಶದ ಕಡತವಿದೆ. ಬಾಯಿಮಾತಿನವಕ್ಕೆ ನಿವೃತ್ತ ಡ್ರೈವರು, ಫೈರ್‌ಮನ್, ಗಾರ್ಡುಗಳ ನೆನಪೊಂದೇ ಆಧಾರ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಎಂಜಿನ್ನುಗಳನ್ನೂ ಮಹಾರಾಣಿಯವರ ಸಲೂನ್ ಬೋಗಿಯನ್ನೂ ಕಾಪಾಡಿಕೊಂಡು ಬಂದಿದೆ. ಆ ಹಿರಿಯರನ್ನು ಕೂರಿಸಿ, ಅವರು ಕರೆಯುತ್ತಿದ್ದ ಹೆಸರುಗಳನ್ನು ಅವರದೇ ದನಿಯಲ್ಲಿ ದಾಖಲಿಸುವ ಕೆಲಸವೂ ಅಲ್ಲೇ ಆಗಬೇಕು, ಅದೂ ಬೇಗ.